ಬಿದ್ದವರ ಪ್ರಶ್ನೆ, ಬಿದ್ದವಳ ಉತ್ತರ

ಹೋದ ಸಂಚಿಕೇಲಿ ‘ಕರಾಟೆ, ಜೂಡೋ, ಕುಸ್ತಿ ಏನೇ ಕಲೀತಿರೋರು ನಿಮ್ಮ ಕಷ್ಟ ಬರೆದು ಕಳಿಸಿ’ ಅಂತ ಪುಟದ ಮೂಲೇಲಿ ಒಂದು ಸಣ್ಣ ಬಾಕ್ಸ್ ಹಾಕಿದ್ವಿ. ಏಳೆಂಟು ಪತ್ರ ಬಂದ್ರೆ ಹೆಚ್ಚು ಅಂದ್ಕೊಂಡಿದ್ದೆ, ಒಂದು ಚೀಲ ತುಂಬ ಬಂದಿದೆ. ಅದ್ರಲ್ಲಿ ಗೆದ್ದೋರ ಪತ್ರ ಒಂದೂ ಇಲ್ಲ, ಎಲ್ಲಾ ಬಿದ್ದೋರದೇ. ಒಳ್ಳೇದಾಯ್ತು ಬಿಡಿ, ಗೆದ್ದೋರಿಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ.

ಗೊತ್ತಿಲ್ಲದೋರಿಗೆ ನನ್ನ ಪರಿಚಯ ಇಷ್ಟೇ. ಈಗ ನನಗೆ 54. ಕರಾಟೆಗೆ ಸೇರಿದ್ದು 29ಕ್ಕೆ, ಮಗಳು ಶಿಶುವಿಹಾರಕ್ಕೆ ಹೋಗೋಕೆ ಶುರು ಮಾಡಿದ ವರ್ಷ. 36ಕ್ಕೆ ಜೂಡೋ ಕಡೆ ಹಾರಿದೆ, 38ಕ್ಕೆ ಮಂಡಿ ಹರ್ಕೊಂಡೆ. ಈಗ ಮೈಸೂರಲ್ಲಿ ಒಂದು ಮದುವೆ ಛತ್ರದ ಊಟದ ಹಾಲಲ್ಲಿ ಬೆಳಗ್ಗೆ ಆರಕ್ಕೆ ಮಕ್ಕಳಿಗೆ ಹೇಳ್ಕೊಡ್ತೀನಿ. ಮುಹೂರ್ತ ಇದ್ದ ದಿನ ಕ್ಲಾಸ್ ಇಲ್ಲ, ಹಿಂದಿನ ರಾತ್ರಿ ಸಾಂಬಾರ್ ವಾಸನೆ ಮಾತ್ರ ವರ್ಷಪೂರ್ತಿ ಇರುತ್ತೆ.

ಮೇಡಂ ನಮಸ್ಕಾರ. ವಯಸ್ಸು 41, ಬ್ಯಾಂಕ್ ಕೆಲಸ. ಮಗಳನ್ನ ಕರಾಟೆ ಕ್ಲಾಸಿಗೆ ಬಿಟ್ಟು ಹೊರಗಡೆ ಬೈಕ್ ಮೇಲೆ ಕೂತು ಮೊಬೈಲ್ ನೋಡ್ತಿದ್ದೆ, ಒಂದಿನ ಮಾಸ್ಟರು ‘ಸರ್, ಸುಮ್ನೆ ಕೂರೋ ಬದ್ಲು ಒಳಗೆ ಬನ್ನಿ’ ಅಂದ್ರು, ಸೇರ್ಕೊಂಡೆ. ಈಗ ನಾಲ್ಕು ತಿಂಗಳು. ವೈಟ್ ಬೆಲ್ಟ್ ಅಂದ್ಮೇಲೆ ಸಾಲಿನ ಕೊನೇಲಿ ನಿಲ್ಲಬೇಕು, ನನ್ನ ಪಕ್ಕ ಆರು ವರ್ಷದ ಹುಡುಗ. ಮಗಳು ಗ್ರೀನ್ ಬೆಲ್ಟ್, ಅವಳೇ ಬಂದು ‘ಅಪ್ಪ, ಮುಂದಿನ ಮಂಡಿ ಬಗ್ಸು’ ಅಂತ ಎಲ್ಲರ ಮುಂದೆ ತಿದ್ದುತ್ತಾಳೆ. ಕಿಕ್ ಸೊಂಟಕ್ಕಿಂತ ಮೇಲೆ ಹೋಗಲ್ಲ, ಸೋಮವಾರ ಕ್ಲಾಸ್ ಮಾಡಿದ್ರೆ ಬುಧವಾರದವರೆಗೂ ಮೆಟ್ಟಿಲು ಇಳಿಯೋಕಾಗಲ್ಲ. ಮನೇಲಿ ಹೆಂಡತಿ ನಗ್ತಾಳೆ. ಬಿಟ್ಟುಬಿಡ್ಲಾ?
– ಒಬ್ಬ ಅಪ್ಪ, ದಾವಣಗೆರೆ

ಬಿಡಬೇಡಿ ಸರ್. ನಿಮ್ಮ ಪತ್ರ ಓದಿ ನಾನೂ ನಕ್ಕೆ, ಆದ್ರೆ ನಿಮ್ಮ ಹೆಂಡತಿ ನಕ್ಕ ಹಾಗಲ್ಲ, ನನ್ನ ಮೊದಲ ದಿನ ನೆನಪಾಗಿ. ಚೂಡಿದಾರದಲ್ಲೇ ಹೋಗಿದ್ದೆ, ದುಪಟ್ಟಾ ಸೊಂಟಕ್ಕೆ ಬಿಗಿದು ಗಂಟು ಹಾಕ್ಕೊಂಡು. ಇಡೀ ಹಾಲಲ್ಲಿ ಮಾಸ್ಟರ್ ಬಿಟ್ರೆ ದೊಡ್ಡೋಳು ನಾನೊಬ್ಬಳೇ. ಒಬ್ಬ ಹುಡುಗ ಬಂದು ‘ಆಂಟಿ, ಪೇರೆಂಟ್ಸ್ ಹೊರಗಡೆ ಕೂರ್ಬೇಕು’ ಅಂದ. ನಾನೂ ಕಲಿಯೋಕೆ ಬಂದಿರೋದು ಕಣೋ ಅಂದ್ರೆ ನಂಬಲಿಲ್ಲ ಅವನು, ಓಡಿಹೋಗಿ ಮಾಸ್ಟರಿಗೆ ಕಂಪ್ಲೇಂಟ್ ಮಾಡಿದ. ಆಮೇಲೆ ಒಂದು ವರ್ಷ ಅವನೇ ನನ್ನ ಪಾರ್ಟ್ನರ್. ಅವನ ಪಂಚ್ ನನ್ನ ಹೊಟ್ಟೆ ಹತ್ರ ಬರ್ತಿತ್ತು, ನನ್ನ ಪಂಚ್ ಅವನ ತಲೆ ಮೇಲೆ ಹೋಗ್ತಿತ್ತು.

ಕಿಕ್ ವಿಷಯಕ್ಕೆ ಬರೋಣ. ಸೊಂಟದ ಕೀಲಿದೆಯಲ್ಲ, ಅದರ ಗುಂಡಿ ಒಬ್ಬೊಬ್ಬರಿಗೆ ಒಂದೊಂದು ಆಕಾರ. ಮೂಳೆಗೆ ಮೂಳೆ ತಾಗಿದ ಮೇಲೆ ಎಷ್ಟು ಎಳೆದ್ರೂ ಕಾಲು ಮೇಲೆ ಹೋಗಲ್ಲ, ನೋವು ಮಾತ್ರ ಜಾಸ್ತಿ ಆಗುತ್ತೆ. ಯಾರಾದ್ರೂ ನಿಮ್ಮ ಬೆನ್ನ ಮೇಲೆ ಕೂತು ಸ್ಪ್ಲಿಟ್ ಮಾಡಿಸೋಕೆ ಬಂದ್ರೆ ಎದ್ದುಬಿಡಿ. ಹೊಟ್ಟೆ ಎತ್ತರಕ್ಕೆ ನೇರ ಒಂದು ಮಾಎ ಗೇರಿ, ಅಂದ್ರೆ ಮುಂದಕ್ಕೆ ಒದೆಯೋ ಕಿಕ್, ಮಂಡಿ ಮೊದಲು ಮೇಲೆತ್ತಿ ಆಮೇಲೆ ಕಾಲು ಬಿಟ್ಟು ಮತ್ತೆ ಮಂಡಿಗೆ ವಾಪಸ್ ತಗೊಳ್ಳೋದು ಸರಿಯಾಗಿ ಬಂದ್ರೆ ಸಾಕು. ತಲೆ ಎತ್ತರಕ್ಕೆ ಒದೆಯೋದು ನೋಡೋಕೆ ಚೆಂದ ಅಷ್ಟೇ, 41ಕ್ಕೆ ಅದು ಬರಲಿಲ್ಲ ಅಂತ ಯಾರೂ ಅಳಲ್ಲ.

ಮೆಟ್ಟಿಲು ಇಳಿಯೋವಾಗ ತೊಡೆ ನೋಯೋದು ಮಾಂಸಖಂಡದ ನೋವು, ಎರಡನೇ ದಿನ ಜಾಸ್ತಿ ಇದ್ದು ಆಮೇಲೆ ತಾನೇ ಹೋಗುತ್ತೆ. ಮಂಡಿ ಒಳಗೆ ಚುಚ್ಚಿದ ಹಾಗೆ ಆದ್ರೆ, ಬಾವು ಬಂದ್ರೆ, ಅದು ಬೇರೆ, ಅದಕ್ಕೆ ಡಾಕ್ಟರ್ ಹತ್ರ ಹೋಗಬೇಕು. ಬಿಪಿ, ಶುಗರ್ ಇದ್ರೆ ಮುಚ್ಚಿಡದೆ ಮಾಸ್ಟರಿಗೆ ಹೇಳಿ. ವಾರಕ್ಕೆ ಎರಡೇ ದಿನ ಹೋಗಿ, ನಡುವೆ ಎರಡು ದಿನ ಗ್ಯಾಪ್ ಇರ್ಲಿ. ಹತ್ತು ವರ್ಷದ ಹುಡುಗರ ಜೊತೆ ಪೈಪೋಟಿಗೆ ಬಿದ್ದು ಐದು ದಿನ ಹೋದೋರು ಯಾರೂ ಎರಡನೇ ವರ್ಷಕ್ಕೆ ಬಂದಿದ್ದು ನಾನು ನೋಡಿಲ್ಲ.

ಇನ್ನು ವಯಸ್ಸು ಅಂತೀರಲ್ಲ, ಶೋಟೋಕಾನ್ ಕರಾಟೆಯ ಮೂಲಪುರುಷ ಗಿಚಿನ್ ಫುನಾಕೋಶಿ ಜಪಾನಿನ ಓಕಿನಾವಾ ದ್ವೀಪದಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದೋರು, ಟೋಕಿಯೋಗೆ ಹೋಗಿ ಕರಾಟೆ ತೋರಿಸಿದ್ದು 1922ರಲ್ಲಿ, ಆಗ ಅವರಿಗೆ 53. ಅವರೇನು ಆವತ್ತು ಶುರು ಮಾಡಿದ್ದಲ್ಲ ನಿಜ, ಹುಡುಗನಾಗಿದ್ದಾಗಿಂದ ಮಾಡ್ತಿದ್ರು. ಆದ್ರೂ ನಮ್ಮ ಕಡೆ ಗಂಡಸರು ರಿಟೈರ್‌ಮೆಂಟ್ ಲೆಕ್ಕ ಹಾಕೋ ವಯಸ್ಸಲ್ಲಿ ಹೊಸ ಊರಿಗೆ ಹೋಗಿ ಸೊನ್ನೆಯಿಂದ ಶಿಷ್ಯರನ್ನ ಹುಡುಕೋದು ಅಂದ್ರೆ ಸುಮ್ನೆ ಅಲ್ಲ.

ಮಗಳು ತಿದ್ದೋದು ಕಷ್ಟ ಅಂದ್ರಲ್ಲ, ನೀವು ರಾತ್ರಿ ಅವಳ ಲೆಕ್ಕದ ಪುಸ್ತಕ ತೆಗೆದು ‘ಇಷ್ಟೂ ಗೊತ್ತಾಗಲ್ವಾ’ ಅನ್ನೋವಾಗ ಅವಳಿಗೆ ಹೇಗಾಗುತ್ತೆ ಅಂತ ಈಗ ಗೊತ್ತಾಯ್ತಲ್ಲ. ಮಂಡಿ ಬಗ್ಸಿ ಸರ್, ಅವಳು ಹೇಳ್ತಿರೋದು ಸರಿ.

ಅಕ್ಕ, ನಾನು ಹಾಸನ ಜಿಲ್ಲೆ, ಡಿಗ್ರಿ ಎರಡನೇ ವರ್ಷ. ಆರನೇ ಕ್ಲಾಸಿಂದ ಕರಾಟೆ, ಈಗ ಬ್ರೌನ್ ಬೆಲ್ಟ್, ಕಟಾದಲ್ಲಿ, ಅಂದ್ರೆ ಎದುರಾಳಿ ಇಲ್ಲದೆ ಒಬ್ಬರೇ ಮಾಡೋ ಪಟ್ಟುಗಳ ಸಾಲಲ್ಲಿ, ಜಿಲ್ಲಾ ಮಟ್ಟದ ಮೆಡಲ್ ಇದೆ. ಎರಡು ತಿಂಗಳ ಹಿಂದೆ ಬಸ್ಸಲ್ಲಿ ರಶ್ ಇತ್ತು, ಹಿಂದೆ ನಿಂತಿದ್ದ ಒಬ್ಬ ಕೈ ಹಾಕಿದ. ನಾನು ಏನೂ ಮಾಡಲಿಲ್ಲ ಅಕ್ಕ. ಕಂಬಿ ಹಿಡ್ಕೊಂಡು ಹಾಗೇ ನಿಂತಿದ್ದೆ, ಬಾಯಿಂದ ಸೌಂಡೇ ಬರಲಿಲ್ಲ, ಎರಡು ಸ್ಟಾಪ್ ಮುಂಚೆ ಇಳಿದು ನಡ್ಕೊಂಡು ಹೋದೆ. ಮನೇಲಿ ಹೇಳಿಲ್ಲ. ಹೇಳಿದ್ರೆ ‘ಇಷ್ಟು ವರ್ಷ ಕಲಿತು ಏನು ಬಂತು’ ಅಂತಾರೆ. ಅವತ್ತಿಂದ ಡ್ರೆಸ್ ಹಾಕ್ಕೊಂಡ್ರೆ ನಾಟಕ ಮಾಡ್ತಿದೀನಿ ಅನ್ಸುತ್ತೆ.
– ಹೆಸರು ಬೇಡ

ತಂಗಿ, ಈ ಪತ್ರ ಮೂರು ಸಲ ಓದಿದೆ. ಮೊದಲು ಒಂದು ಮಾತು, ತಪ್ಪು ಮಾಡಿದ್ದು ಅವನು, ನೀನು ಅಲ್ಲ. ನೀನು ಅವನನ್ನ ಹೊಡೀಲಿಲ್ಲ ಅನ್ನೋದು ಈ ಕಥೇಲಿ ತಪ್ಪಿನ ಲೆಕ್ಕಕ್ಕೇ ಬರಲ್ಲ.

ಎರಡನೇದು, ನೀನು ನಿಂತುಬಿಟ್ಟಿದ್ದು ಹೇಡಿತನ ಅಲ್ಲ. ಹೆದರಿಕೆ ಆದಾಗ ಮೈ ಮೂರು ಕೆಲಸದಲ್ಲಿ ಒಂದು ಮಾಡುತ್ತೆ: ತಿರುಗಿ ಬೀಳುತ್ತೆ, ಓಡುತ್ತೆ, ಇಲ್ಲಾ ಮರಗಟ್ಟುತ್ತೆ. ಯಾವುದು ಅಂತ ನಿನ್ನನ್ನ ಕೇಳಿ ಮಾಡಲ್ಲ. ಗಂಟಲು ಕಟ್ಟೋದೂ ಅದ್ರದ್ದೇ ಭಾಗ. ನನಗೂ ಆಗಿದೆ. ಬ್ರೌನ್ ಬೆಲ್ಟ್ ಇದ್ದ ಕಾಲದಲ್ಲೇ, ಬೆಳಗ್ಗೆ ಐದೂವರೆಗೆ ಹಾಲು ತರೋಕೆ ಹೋಗಿದ್ದೆ, ಬೈಕಲ್ಲಿ ಬಂದ ಇಬ್ಬರು ಸರ ಕಿತ್ಕೊಂಡು ಹೋದ್ರು. ಹಿಂದಿನ ಸಂಜೆ ಇಬ್ಬರು ಹುಡುಗರನ್ನ ಸ್ಪಾರಿಂಗಲ್ಲಿ ಹೊಡೆದು ಬೀಗಿದ್ದವಳು ನಾನು. ಅವತ್ತು ಕೈಯಲ್ಲಿ ಎರಡು ಹಾಲಿನ ಪ್ಯಾಕೆಟ್ ಹಿಡ್ಕೊಂಡು ನಿಂತಿದ್ದೆ, ಎದುರುಮನೆ ಅಜ್ಜಿ ಬಂದು ‘ಏನಮ್ಮ, ಕತ್ತಲ್ಲಿ ರಕ್ತ’ ಅನ್ನೋವರೆಗೂ ಪ್ಯಾಕೆಟ್ ಕೆಳಗೆ ಬಿಡಲಿಲ್ಲ.

ಆಮೇಲೆ ಯೋಚನೆ ಮಾಡಿದೆ. ಕ್ಲಾಸಲ್ಲಿ ನಮಗೆ ಯಾರಾದ್ರೂ ಹೇಳದೆ ಕೇಳದೆ ಕೈ ಹಾಕಿದಾರಾ? ಇಲ್ಲ. ಎದುರಿಗೆ ನಿಂತು, ಬಗ್ಗಿ ವಂದಿಸಿ, ‘ಹಾಜಿಮೆ’, ಅಂದ್ರೆ ಜಪಾನಿಯಲ್ಲಿ ‘ಶುರು ಮಾಡಿ’, ಅಂದ್ಮೇಲೆ ತಾನೇ ಎಲ್ಲ ಶುರು. ಬಸ್ಸಲ್ಲಿ ಯಾರೂ ಹಾಜಿಮೆ ಅನ್ನಲ್ಲ. ನೀನು ಎಂಟು ವರ್ಷ ಕಲಿತಿದ್ದು ಸುಳ್ಳಲ್ಲ, ನಿನ್ನ ಕಾಲು, ನಿನ್ನ ಉಸಿರು, ನಿನ್ನ ಬ್ಯಾಲೆನ್ಸ್ ಎಲ್ಲಾ ನಿಜ, ಆದ್ರೆ ಈ ಒಂದು ಪಾಠ ಮಾತ್ರ ಯಾರೂ ನಿನಗೆ ಮಾಡಿಲ್ಲ, ಮಾಡದ ಪಾಠದಲ್ಲಿ ಫೇಲ್ ಆದೆ ಅಂತ ಅಳ್ತಿದೀಯ.

ನಮ್ಮ ಛತ್ರದಲ್ಲಿ ನಡೆದಿದ್ದು ಹೇಳ್ತೀನಿ ಕೇಳು. ಹದಿನಾಲ್ಕು ವರ್ಷದ ಹುಡುಗಿ ಒಬ್ಬಳಿದಾಳೆ, ಅವಳು ಕಿಯಾಯ್ ಕೂಗಿದ್ರೆ ಮೇಲೆ ಫ್ಯಾನ್ ಮೇಲಿರೋ ಪಾರಿವಾಳ ಹಾರಿಹೋಗುತ್ತೆ. ಒಂದಿನ ನಾನು ಅವಳ ಹೆಗಲ ಮೇಲೆ ಕೈ ಇಟ್ಟು, ನಾನು ಬಸ್ಸಲ್ಲಿರೋ ಗಂಡಸು ಅಂದ್ಕೋ, ಕನ್ನಡದಲ್ಲಿ ಜೋರಾಗಿ ಬೈದು ಕೈ ತೆಗೆಸು ಅಂದೆ. ಅವಳು ತಲೆ ತಗ್ಗಿಸಿ ‘ಸಾರ್, ಸ್ವಲ್ಪ ಕೈ ತೆಗೀರಿ ಪ್ಲೀಸ್’ ಅಂದ್ಲು, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ! ನಾವೆಲ್ಲ ನಕ್ವಿ, ಆಮೇಲೆ ನಗು ನಿಂತುಹೋಯ್ತು. ಜಪಾನಿ ಕೂಗು ಬರುತ್ತೆ, ಕನ್ನಡದಲ್ಲಿ ‘ಏಯ್, ಕೈ ತೆಗಿಯೋ’ ಅನ್ನೋಕೆ ಬಾಯಿ ಬರಲ್ಲ. ದೊಡ್ಡೋರಿಗೆ ಏಕವಚನ ಬಳಸಬಾರದು ಅಂತ ನಾವೇ ತಾನೇ ಹೇಳ್ಕೊಟ್ಟಿದ್ದು. ಅವತ್ತಿಂದ ಪ್ರತಿ ಶನಿವಾರ ಹತ್ತು ನಿಮಿಷ ಬೈಯೋ ಕ್ಲಾಸ್. ಯೂನಿಫಾರ್ಮ್ ಬೇಡ, ಮಾಮೂಲಿ ಬಟ್ಟೆ, ಹೆಗಲಿಗೆ ಬ್ಯಾಗು, ಹಿಂದಿನಿಂದ ಯಾರೋ ಕೈ ಇಡ್ತಾರೆ, ತಿರುಗಿ ಬೈಯಬೇಕು, ಜಾಗ ಬಿಟ್ಟು ಸರೀಬೇಕು, ‘ಕಂಡಕ್ಟರ್, ಬಸ್ ನಿಲ್ಸಿ’ ಅಂತ ಕೂಗಬೇಕು. ಮೊದಲ ತಿಂಗಳು ಒಬ್ಬಳಿಗೂ ಬರಲಿಲ್ಲ. ಛತ್ರದ ಮ್ಯಾನೇಜರ್ ಓಡಿಬಂದು ಏನಾಯ್ತು ಮೇಡಂ ಅಂತ ಕೇಳಿದ ದಿನ ನನಗೆ ಸಮಾಧಾನ ಆಯ್ತು.

ಸರ್ಕಾರಿ ಶಾಲೆ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಕೊಡ್ತಾರಲ್ಲ, ಅಲ್ಲಿ ಹೇಳ್ಕೊಡೋ ಮಾಸ್ಟರುಗಳು ಇದನ್ನ ಓದ್ತಿದ್ರೆ ಒಂದು ಮನವಿ: ಆ ಮೂರು ತಿಂಗಳಲ್ಲಿ ಪಂಚ್ ಸ್ವಲ್ಪ ಕಮ್ಮಿ ಮಾಡಿ, ಬೈಯೋದು ಜಾಸ್ತಿ ಮಾಡಿಸಿ.

ನೀನು ಯಾರಿಗಾದ್ರೂ ಒಬ್ಬರಿಗೆ ಹೇಳು ತಂಗಿ, ಮನೇಲಾಗದಿದ್ರೆ ಫ್ರೆಂಡಿಗೆ. ರಾತ್ರಿ ನಿದ್ದೆ ಬರ್ತಿಲ್ಲ, ಬಸ್ ಹತ್ತೋಕೇ ಆಗ್ತಿಲ್ಲ ಅಂದ್ರೆ ಕೌನ್ಸೆಲರ್ ಹತ್ರ ಹೋಗು, ಅದು ಹುಚ್ಚು ಅಂತಲ್ಲ. ತುರ್ತು ಸಹಾಯದ ನಂಬರ್ 112 ಮೊಬೈಲಲ್ಲಿ ಸೇವ್ ಮಾಡ್ಕೋ. ಡ್ರೆಸ್ಸು ಮಡಚಿ ಇಡಬೇಡ.

ನಮಸ್ಕಾರ್ರಿ ಅಕ್ಕಾರ. ನಾ ಬಾಗಲಕೋಟಿ ಕಡಿ ಹುಡುಗ, 17 ವರ್ಷ. ಗರಡಿ ಮನ್ಯಾಗ ಮೂರು ವರ್ಷ ಆತು ಸಾಮು ಮಾಡಾಕತ್ತೀನಿ. ಈಗ ಕಾಲೇಜಿನವ್ರು ಮ್ಯಾಟ್ ಕುಸ್ತಿಗೆ ಕಳಸ್ಯಾರ, ಮಣ್ಣಾಗ ನಾ ಎತ್ತಿ ಒಗದ ಹುಡುಗೂರ ಕಡೀನ ಅಲ್ಲಿ ಸೋಲಾಕತ್ತೀನಿ, ಎರಡು ನಿಮಿಷದಾಗ ದಮ್ಮು ಹತ್ತತೈತಿ. ಬಲಗಿವಿ ನಾಕು ದಿನದಿಂದ ಬಾತು ಮೆತ್ತಗ ಆಗೇತಿ, ಉಸ್ತಾದರು ‘ಪೈಲ್ವಾನನ ಕಿವಿ ಹಂಗ ಇರತೈತಿ ಬಿಡೋ’ ಅಂತಾರ. ತೊಡಿ ಸಂದ್ಯಾಗ ಗಜಕರ್ಣ ಆಗೇತಿ, ಅಂಗಡಿಯಾಗ ಕೊಟ್ಟ ಟ್ಯೂಬ್ ಹಚ್ಚಿದ್ರ ಕಮ್ಮಿ ಆಗತೈತಿ, ಬಿಟ್ರ ಮತ್ತ ಬರತೈತಿ. ಏನ್ ಮಾಡ್ಲಿ?

ತಮ್ಮಾ, ನಾನು ಕುಸ್ತಿಯವಳಲ್ಲ. ನಮ್ಮ ತಾತ ಮೈಸೂರಲ್ಲಿ ಗರಡಿಗೆ ಹೋಗ್ತಿದ್ರು, ಹೆಣ್ಣುಮಕ್ಕಳನ್ನ ಒಳಗೆ ಬಿಡ್ತಿರಲಿಲ್ಲ, ಆ ಪುಟ್ಟ ಬಾಗಿಲಲ್ಲಿ ಬಗ್ಗಿ ನೋಡಿದ್ದಷ್ಟೇ ನನ್ನ ಪಾಲು. ಎಣ್ಣೆ, ಅರಿಶಿನ, ಕರ್ಪೂರ ಕಲೆಸಿದ ಆ ಕೆಂಪು ಮಟ್ಟಿ ವಾಸನೆ ಈಗ್ಲೂ ಮೂಗಲ್ಲಿದೆ. ಹಾಗಾಗಿ ಪಟ್ಟು ಹೇಳ್ಕೊಡಲ್ಲ, ಮೈ ವಿಷಯ ಹೇಳ್ತೀನಿ.

ಕಿವಿ ಇವತ್ತೇ. ನಾಳೆ ಅಲ್ಲ. ಚರ್ಮಕ್ಕೂ ಒಳಗಿನ ಮೃದು ಮೂಳೆಗೂ ನಡುವೆ ರಕ್ತ ನಿಂತಿದೆ, ಡಾಕ್ಟರ್ ಅದನ್ನ ತೆಗೆದು ಒತ್ತಿ ಕಟ್ಟು ಹಾಕ್ತಾರೆ. ಹಾಗೇ ಬಿಟ್ರೆ ಗಟ್ಟಿಯಾಗಿ ಹೂಕೋಸಿನ ಥರ ಉಳಿಯುತ್ತೆ, ಆಮೇಲೆ ಸುಲಭಕ್ಕೆ ಸರಿಹೋಗಲ್ಲ. ಉಸ್ತಾದರ ಮೇಲೆ ಗೌರವ ಇಟ್ಕೊಂಡೇ ಆಸ್ಪತ್ರೆಗೆ ಹೋಗು, ಮನೇಲಿ ನೀನೇ ಸೂಜಿ ಹಾಕಬೇಡ.

ಗಜಕರ್ಣದ ಟ್ಯೂಬಲ್ಲಿ ಬಹುಶಃ ಸ್ಟೀರಾಯ್ಡ್ ಇದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೇಳಿದ ತಕ್ಷಣ ಕೊಡೋ ಮಿಕ್ಸ್ ಕ್ರೀಮುಗಳದ್ದೇ ಈ ಆಟ, ತುರಿಕೆ ಕೆಂಪು ಎರಡು ದಿನದಲ್ಲಿ ಇಳಿಯುತ್ತೆ, ಒಳಗೆ ಫಂಗಸ್ ಮಾತ್ರ ಹಬ್ಬುತ್ತೆ. ಚರ್ಮದ ಡಾಕ್ಟರಿಗೆ ತೋರಿಸು, ಅವರು ಹೇಳಿದಷ್ಟು ದಿನ ಪೂರ್ತಿ ಹಚ್ಚು, ವಾಸಿ ಆಗೋವರೆಗೂ ಯಾರ ಜೊತೆನೂ ಹಿಡೀಬೇಡ. ಲಂಗೋಟಿ ದಿನಾ ಒಗೆದು ಬಿಸಿಲಿಗೆ ಹಾಕು, ಗೆಳೆಯರದ್ದು ಕಟ್ಕೋಬೇಡ.

ಸೋಲ್ತಿರೋದಕ್ಕೆ ಕಾರಣ ನಿನ್ನ ಶಕ್ತಿ ಕಮ್ಮಿ ಆಗಿದ್ದಲ್ಲ. ಮಣ್ಣಲ್ಲಿ ಬೆನ್ನು ತಾಗಿದ್ರೆ ಮಾತ್ರ ಸೋಲು, ಕಾದು ಕಾದು ಒಂದೇ ಪಟ್ಟು ಹಾಕಬಹುದು. ಮ್ಯಾಟಲ್ಲಿ ಮೂರು ನಿಮಿಷದ ಎರಡು ಸುತ್ತು, ಗೆರೆ ಆಚೆ ಕಾಲಿಟ್ರೂ ಎದುರಾಳಿಗೆ ಪಾಯಿಂಟ್, ಫ್ರೀಸ್ಟೈಲಲ್ಲಿ ಹತ್ತು ಪಾಯಿಂಟ್ ಅಂತರ ಆದ್ರೆ ಆಟ ಮುಗೀತು. ಮಣ್ಣು ಕಾಲು ಹಿಡಿಯುತ್ತೆ, ಮ್ಯಾಟ್ ಕಾಲು ಬಿಡುತ್ತೆ, ನೀನಿನ್ನೂ ಮಣ್ಣಿನ ಲೆಕ್ಕದಲ್ಲೇ ಕಾಯ್ತಿದೀಯ. ಮೂರು ನಿಮಿಷ ಪೂರ್ತಿ ನುಗ್ಗೋದು, ಅರ್ಧ ನಿಮಿಷ ರೆಸ್ಟು, ಮತ್ತೆ ಮೂರು ನಿಮಿಷ, ಹೀಗೆ ಉಸಿರು ಪಳಗಿಸು. ನಿಮ್ಮ ಮಗ್ಗುಲ ಮಹಾರಾಷ್ಟ್ರದ ಖಾಶಾಬಾ ಜಾಧವ್ ಗೊತ್ತಲ್ಲ, ಮಣ್ಣಲ್ಲೇ ಬೆಳೆದೋರು, 1948ರ ಲಂಡನ್ ಒಲಿಂಪಿಕ್ಸಲ್ಲಿ ಮ್ಯಾಟಿನ ಅಭ್ಯಾಸ ಇಲ್ಲದೆ ಆರನೇ ಸ್ಥಾನಕ್ಕೆ ನಿಂತ್ರು, ನಾಲ್ಕು ವರ್ಷ ಬಿಟ್ಟು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದ್ರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ತಂದ ಮೊದಲ ಒಲಿಂಪಿಕ್ ಪದಕ ಅದು. ಅವರಿಗೇ ನಾಲ್ಕು ವರ್ಷ ಹಿಡೀತು.

ಮಗನಿಗೆ ಎಂಟು ವರ್ಷ, ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಆಗಿದೆ. ಮೂರು ತಿಂಗಳಿಗೊಂದು ಗ್ರೇಡಿಂಗ್, ಪ್ರತಿ ಸಲ ಫೀಸು, ಬೆಲ್ಟಿಗೆ ಬೇರೆ, ಸರ್ಟಿಫಿಕೇಟಿಗೆ ಬೇರೆ. ಈಗ ‘ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್’ ಅಂತ ದೊಡ್ಡ ಮೊತ್ತ ಕೇಳ್ತಿದಾರೆ. ಆದ್ರೆ ಮೊನ್ನೆ ಮನೇಲಿ ಸೋಫಾ ಮೇಲಿಂದ ಬಿದ್ದು ಕೈ ಊರಿ ಮಣಿಕಟ್ಟು ಮುರ್ಕೊಂಡ. ಮೋಸ ಹೋದ್ವಾ?
– ಅಮ್ಮ, ಬೆಂಗಳೂರು

ಕೊನೇ ಸಾಲಲ್ಲಿ ಉತ್ತರ ನೀವೇ ಬರೆದಿದೀರಿ. ಬೀಳೋವಾಗ ಕೈ ಊರಬಾರದು, ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಮುಂಗೈ ಪೂರ್ತಿ ನೆಲಕ್ಕೆ ಬಡೀಬೇಕು, ಇದನ್ನ ಜೂಡೋದಲ್ಲಿ ಉಕೆಮಿ ಅಂತಾರೆ. ನಮ್ಮಲ್ಲಿ ಮೊದಲ ಎರಡು ತಿಂಗಳು ಇದು ಬಿಟ್ರೆ ಬೇರೆ ಏನೂ ಇಲ್ಲ, ಅದಕ್ಕೇ ಅರ್ಧ ಮಕ್ಕಳು ಬೇಜಾರಾಗಿ ಓಡಿಹೋಗ್ತಾವೆ, ನಾನೇನು ಬೇಜಾರು ಮಾಡ್ಕೊಳಲ್ಲ. ಎಂಥಾ ಅಭ್ಯಾಸ ಇದ್ರೂ ಮೂಳೆ ಮುರಿಯಲ್ಲ ಅಂತ ಹೇಳ್ತಿಲ್ಲ, ಆದ್ರೆ ಬೀಳೋದು ಕಲಿಸದೆ ಬೆಲ್ಟ್ ಕೊಟ್ಟೋರು ಏನು ಕಲಿಸಿದ್ರು ಅಂತ ಕೇಳಬಹುದು.

ಬೆಲ್ಟಿನ ಕಥೆ ಹೇಳ್ಬಿಡ್ತೀನಿ. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದ ಒಂದು ದೇವಸ್ಥಾನದಲ್ಲಿ 12 ಚಾಪೆ ಹಾಸಿ ಜೂಡೋ ಶುರು ಮಾಡಿದ್ರು. ಆ ದಶಕದಲ್ಲೇ ಮೇಲಿನವರಿಗೆ ಕಪ್ಪು ಬೆಲ್ಟ್ ಬಂತು, ಕರಾಟೆಯವರು ಆಮೇಲೆ ಅಲ್ಲಿಂದ ತಗೊಂಡಿದ್ದು. ಹಳದಿ, ಕಿತ್ತಳೆ, ಹಸಿರು ಅಂತ ಬಣ್ಣಗಳ ಸಾಲು ಜನಪ್ರಿಯ ಆಗಿದ್ದು ಯುರೋಪಲ್ಲಿ, 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸ್ತಿದ್ದ ಕವಾಯಿಶಿ ಅನ್ನೋ ಜಪಾನಿ ಮೇಷ್ಟ್ರಿಂದ. ಬಿಳಿ ಬೆಲ್ಟ್ ಒಗೀದೆ ಒಗೀದೆ ಬೆವರಿಗೆ ಕಪ್ಪಾಯ್ತು ಅಂತ ಮಾಸ್ಟರುಗಳು ಹೇಳೋದು ಕಟ್ಟುಕಥೆ. ಬೆಲ್ಟ್ ಒಗೀರಿ, ವಿದ್ಯೆ ಹೋಗಲ್ಲ.

ಟೇಕ್ವಾಂಡೋದಲ್ಲಿ ಅದರ ಮುಖ್ಯ ಕೇಂದ್ರವಾದ ಕೊರಿಯಾದ ಕುಕ್ಕಿವಾನ್‌ನವರು 15 ವರ್ಷದ ಒಳಗಿನ ಮಕ್ಕಳಿಗೆ ಪೂರ್ತಿ ಕಪ್ಪು ಕೊಡಲ್ಲ, ಅರ್ಧ ಕೆಂಪು ಅರ್ಧ ಕಪ್ಪು ಇರೋ ‘ಪೂಮ್’ ಬೆಲ್ಟ್ ಕೊಡ್ತಾರೆ. ಅದ್ರಲ್ಲಿ ಒಂದು ಪ್ರಾಮಾಣಿಕತೆ ಇದೆ. ಆ ದೊಡ್ಡ ಮೊತ್ತ ಕೊಡಬೇಡಿ. ಮಗನಿಗೆ ಕ್ಲಾಸ್ ಇಷ್ಟ ಇದ್ರೆ, ಅಲ್ಲಿ ಫ್ರೆಂಡ್ಸ್ ಇದ್ರೆ, ಹೋಗ್ಲಿ ಪಾಪ, ಆದ್ರೆ ಒಂದು ವಾರ ನೀವೇ ಕೂತು ನೋಡಿ. ಒಂದು ಗಂಟೆ ಕ್ಲಾಸಲ್ಲಿ ಎಷ್ಟು ಹೊತ್ತು ಮಕ್ಕಳು ಮೈ ಬಗ್ಗಿಸ್ತಾರೆ, ಎಷ್ಟು ಹೊತ್ತು ಮುಂದಿನ ಗ್ರೇಡಿಂಗ್ ಮಾತು.

ನಾನು 10ನೇ ಕ್ಲಾಸ್. ಸ್ಟಾನ್ಸ್, ಅಂದ್ರೆ ಮಂಡಿ ಬಗ್ಗಿಸಿ ನಿಲ್ಲೋ ಭಂಗಿ, ಸ್ವಲ್ಪ ಮೇಲೆದ್ರೆ ನಮ್ಮ ಮಾಸ್ಟರ್ ತೊಡೆಗೆ ಕೋಲಲ್ಲಿ ಹೊಡೀತಾರೆ. ಲೇಟ್ ಆಗಿದ್ದಕ್ಕೆ ಒಂದಿನ 500 ಬಸ್ಕಿ ಹೊಡೆಸಿದ್ರು, ಮಾರನೇ ದಿನ ಯೂರಿನ್ ಕಂದು ಬಣ್ಣ ಇತ್ತು, ಎರಡು ದಿನಕ್ಕೆ ಸರಿ ಹೋಯ್ತು. ಅಪ್ಪ ‘ಪೆಟ್ಟು ತಿನ್ನದೆ ವಿದ್ಯೆ ಬರಲ್ಲ’ ಅಂತಾರೆ.

ಈ ಉತ್ತರ ನಿಮ್ಮಪ್ಪನಿಗೆ, ಅವರ ಕೈಗೆ ಪುಸ್ತಕ ಕೊಡು.

ಸ್ವಾಮಿ, ಮಗನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿದ್ರೆ ಅದು ವಿದ್ಯೆ ಬಂದಿದ್ದಲ್ಲ, ಮಾಂಸಖಂಡ ಒಡೆದು ರಕ್ತಕ್ಕೆ ಸೇರಿದ್ದು. ಕಿಡ್ನಿ ಹೋಗಬಹುದು ಅದ್ರಲ್ಲಿ. ಈ ಸಲ ತಾನೇ ಸರಿ ಹೋಯ್ತು, ಆದ್ರೂ ಒಂದು ರಕ್ತ ಪರೀಕ್ಷೆ ಮಾಡಿಸಿ. ಇನ್ನೊಂದು ಸಲ ಆದ್ರೆ ಒಂದು ಗಂಟೇನೂ ಕಾಯದೆ ಆಸ್ಪತ್ರೆಗೆ.

ಜೂಡೋದಲ್ಲಿ ಕತ್ತು ಹಿಡಿದಿರ್ತೀವಿ, ತೋಳು ಮಡಚಿರ್ತೀವಿ. ಕೆಳಗಿರೋನು ಎರಡು ಸಲ ತಟ್ಟಿದ್ರೆ ಮುಗೀತು, ಆ ಕ್ಷಣ ಬಿಡಬೇಕು. ಅವನು ನಾಟಕ ಮಾಡ್ತಿದಾನಾ, ಇನ್ನೂ ತಡ್ಕೋಬಹುದಿತ್ತಾ ಅಂತ ಯೋಚನೆ ಮಾಡೋ ಅಧಿಕಾರ ಮೇಲಿರೋನಿಗಿಲ್ಲ. ಈ ಒಂದು ನಂಬಿಕೆ ಮೇಲೆ ನಾವು ನಮ್ಮ ಕತ್ತು ಇನ್ನೊಬ್ಬರ ಕೈಗೆ ಕೊಡೋದು. ಕೋಲು ಹಿಡಿದ ಮಾಸ್ಟರಿಗೆ ನಿಮ್ಮ ಮಗ ಎಲ್ಲಿ ತಟ್ಟಬೇಕು ಹೇಳಿ? ನನಗೂ ಒಬ್ಬರು ಹಾಗೆ ಹೊಡೆದಿದ್ರು, ಅವರಿಂದ ಕಲಿತ ಸ್ಟಾನ್ಸ್ ಈಗ ನೆನಪಿಲ್ಲ, ಕೋಲು ಎತ್ತಿದಾಗ ಅವರ ಮುಖ ನೆನಪಿದೆ. ಕ್ಲಾಸ್ ಬಿಡಿಸಿ. ಆ ಮಾಸ್ಟರ್ ಇನ್ನೂ ಮಕ್ಕಳನ್ನ ಹೊಡೀತಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಹೇಳಿ.

ಟೇಕ್ವಾಂಡೋ ಟೂರ್ನಮೆಂಟಿಗೆ ಎರಡು ದಿನದಲ್ಲಿ ಮೂರು ಕೆಜಿ ಇಳಿಸು, ನೀರು ಕುಡೀಬೇಡ, ಸ್ವೆಟರ್ ಹಾಕ್ಕೊಂಡು ಓಡು ಅಂತಿದಾರೆ. ವಯಸ್ಸು 16. ಮಾಡ್ಲಾ?

ಬೇಡ. ಮೇಲಿನ ತೂಕದಲ್ಲಿ ಆಡಿ ಸೋಲು, ಪರವಾಗಿಲ್ಲ. 1997ರಲ್ಲಿ ಅಮೆರಿಕದಲ್ಲಿ ಹೀಗೇ ಬೆವರಿಳಿಸಿ ತೂಕ ಇಳಿಸೋಕೆ ಹೋಗಿ ಮೂವರು ಕಾಲೇಜು ಕುಸ್ತಿ ಹುಡುಗರು ಸತ್ರು, ಕೆಲವೇ ವಾರಗಳ ಅಂತರದಲ್ಲಿ. ಆಮೇಲೆ ಅಲ್ಲಿ ನಿಯಮಾನೇ ಬದಲಾಯ್ತು. ಪ್ಯಾರಿಸ್‌ನಲ್ಲಿ 2024ರಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಒದ್ದಾಡಿ, ಕೂದಲು ಕತ್ತರಿಸಿ, ಅಷ್ಟಾದ್ರೂ 100 ಗ್ರಾಂ ಉಳೀತು, ಫೈನಲ್ ಹೋಯ್ತು. ಅವರ ಸುತ್ತ ಡಾಕ್ಟರ್ ಇದ್ರು. ನಿನ್ನ ಸುತ್ತ ಸ್ವೆಟರ್ ಇದೆ.

ಮಗಳಿಗೆ 12. ಬ್ಲೂ ಬೆಲ್ಟ್, ಚೆನ್ನಾಗಿ ಮಾಡ್ತಿದ್ಲು, ಆರು ತಿಂಗಳಿಂದ ತಿಂಗಳಲ್ಲಿ ಒಂದು ವಾರ ಹೊಟ್ಟೆನೋವು ಅಂತ ತಪ್ಪಿಸ್ತಾಳೆ, ಈಗ ಬಿಟ್ಟೇಬಿಡ್ತೀನಿ ಅಂತಿದಾಳೆ. ಮಂಡಿ ಕೆಳಗೆ ಒಂದು ಗಂಟೂ ಬಂದಿದೆ, ಮುಟ್ಟಿದ್ರೆ ನೋವು.
– ತುಮಕೂರು

ಗಂಟಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಬೆಳೆಯೋ ವಯಸ್ಸಲ್ಲಿ ಓಡೋ ಕುಣಿಯೋ ಮಕ್ಕಳಿಗೆ ಚಿಪ್ಪಿನ ಕೆಳಗೆ, ತೊಡೆಯ ಮಾಂಸಖಂಡ ಮೂಳೆಗೆ ಅಂಟೋ ಜಾಗದಲ್ಲಿ ಹೀಗಾಗುತ್ತೆ, ಬೆಳವಣಿಗೆ ನಿಂತ್ಮೇಲೆ ಹೆಚ್ಚಿನವರಿಗೆ ನೋವು ತಾನೇ ಹೋಗುತ್ತೆ. ಒಂದ್ಸಲ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡ್ಕೊಳ್ಳಿ, ಜಂಪಿಂಗ್ ಮತ್ತೆ ಮಂಡಿ ಊರೋದು ಕಮ್ಮಿ ಮಾಡಿಸಿ.

ಹೊಟ್ಟೆನೋವು ಹೊಟ್ಟೆದಲ್ಲ, ಮುಟ್ಟಿನ ದಿನಗಳದ್ದು. ಡ್ರೆಸ್ ಬಿಳಿ. ಕಾಲು ಅಗಲ ಮಾಡಿ ನಿಲ್ಲಬೇಕು, ಹಿಂದೆ ಹುಡುಗರ ಸಾಲು, ಎದುರಿಗೆ ಗಂಡಸು ಮಾಸ್ಟರ್. ನಮ್ಮ ಕ್ಲಾಸುಗಳಲ್ಲಿ ಹೆಣ್ಣುಮಕ್ಕಳು ಹನ್ನೆರಡು ಹದಿಮೂರಕ್ಕೇ ಯಾಕೆ ಮಾಯ ಆಗ್ತಾರೆ ಅಂತ ಯಾವ ಮಾಸ್ಟರ್ ಹತ್ರ ಕೇಳಿದ್ರೂ ಟ್ಯೂಷನ್ ಜಾಸ್ತಿ ಆಯ್ತು ಅಂತಾರೆ. ಕಪ್ಪು ಸೈಕ್ಲಿಂಗ್ ಶಾರ್ಟ್ಸ್ ಒಳಗೆ ಹಾಕಿಸಿ, ಬ್ಯಾಗಲ್ಲಿ ಒಂದು ಜೊತೆ ಎಕ್ಸ್‌ಟ್ರಾ ಪ್ಯಾಂಟ್ ಇಡಿ, ಆ ವಾರ ಟ್ರ್ಯಾಕ್ ಪ್ಯಾಂಟಲ್ಲಿ ಬರಬಹುದಾ ಅಂತ ನೀವೇ ಹೋಗಿ ಮಾಸ್ಟರನ್ನ ಕೇಳಿ, ಅವಳ ಕೈಲಿ ಕೇಳಿಸಬೇಡಿ. ವಿಂಬಲ್ಡನ್‌ನವರೇ ಅಷ್ಟು ವರ್ಷದ ಬಿಳಿ ಹಠ ಬಿಟ್ಟು 2023ರಿಂದ ಆಟಗಾರ್ತಿಯರಿಗೆ ಒಳಗೆ ಗಾಢ ಬಣ್ಣದ ಶಾರ್ಟ್ಸ್ ಬಿಟ್ಟಿದಾರೆ, ನಮ್ಮ ತುಮಕೂರಿನ ಮಾಸ್ಟರ್ ಬಿಡಲ್ವಾ. ನೋವು ನಿಜವಾಗ್ಲೂ ಇದ್ರೆ ಆ ಒಂದೆರಡು ದಿನ ಮನೇಲಿರ್ಲಿ, ಅದಕ್ಕೆ ಸುಳ್ಳು ಹೇಳೋ ಪರಿಸ್ಥಿತಿ ಬೇಡ ಅಷ್ಟೇ.

ಮೇಡಂ, 46 ವರ್ಷ, ಮಂಗಳೂರು. ಜೂಡೋ ಆಡ್ತಾ ಮಂಡಿ ಲಿಗಮೆಂಟ್ ಹೋಗಿ ಆಪರೇಷನ್ ಆಗಿ ಒಂದು ವರ್ಷ ಮೇಲಾಯ್ತು. ಡಾಕ್ಟರು, ಫಿಸಿಯೋ ಇಬ್ಬರೂ ಹೋಗಬಹುದು ಅಂದಿದಾರೆ. ಮೂರು ಸಲ ಡ್ರೆಸ್ ಹಾಕ್ಕೊಂಡು ಹೋಗಿ ಮ್ಯಾಟ್ ಹತ್ತದೆ ವಾಪಸ್ ಬಂದಿದೀನಿ. ನಾಚಿಕೆ ಆಗ್ತಿದೆ.

ನಾನು ನಾಲ್ಕು ಸಲ ವಾಪಸ್ ಬಂದಿದ್ದೆ, ಹಾಗಾಗಿ ನೀವು ಮುಂದಿದೀರಿ.

ನನ್ನದು ರಾಂದೋರಿಯಲ್ಲಿ, ಅಂದ್ರೆ ಸುಮ್ನೆ ಅಭ್ಯಾಸದ ಆಟದಲ್ಲಿ ಆಗಿದ್ದು. ಓಸೋಟೋ ಗಾರಿ, ಅಂದ್ರೆ ಎದುರಾಳಿಯ ಕಾಲನ್ನ ಹಿಂದಿನಿಂದ ಕಾಲಲ್ಲೇ ಬಾಚಿ ಬೀಳಿಸೋ ಪಟ್ಟು, ಹಾಕೋಕೆ ಬಂದ ಹುಡುಗಿಯನ್ನ ತಡೆಯೋಕೆ ಹೋಗಿ ಕಾಲು ಊರಿದೆ, ಅವಳ ಭಾರ ಪೂರ್ತಿ ಪಕ್ಕದಿಂದ ಮಂಡಿ ಮೇಲೆ. ಒಣಗಿದ ಸೌದೆ ಮುರಿದ ಹಾಗೆ ಸದ್ದು, ಗೋಡೆ ಹತ್ರ ಕೂತಿದ್ದೋರಿಗೂ ಕೇಳ್ತಂತೆ. ತಪ್ಪು ಅವಳದ್ದಲ್ಲ, ನಾನು ಬೀಳಬೇಕಿತ್ತು, ಬೀಳಲ್ಲ ಅಂತ ಹಠ ಹಿಡಿದೆ. ಬಿದ್ದಿದ್ರೆ ಎದ್ದು ಮನೆಗೆ ಹೋಗಿ ಉಪ್ಪಿಟ್ಟು ಮಾಡ್ತಿದ್ದೆ, ಬೀಳದೇ ಇದ್ದಿದ್ದಕ್ಕೆ ಒಂದು ಆಪರೇಷನ್, ಆಮೇಲೆ ಎಷ್ಟೋ ತಿಂಗಳು ಟವೆಲ್ ಕಟ್ಕೊಂಡು ಕಾಲು ಎಳೆಯೋ ವ್ಯಾಯಾಮ. ಆಪರೇಷನ್ ಆದ ಕಾಲು ಇನ್ನೊಂದಕ್ಕಿಂತ ಸಣ್ಣ ಕಾಣ್ತಿತ್ತು, ತೊಡೆ ಕರಗಿಹೋಗಿತ್ತು. ನಿಮ್ಮ ಫಿಸಿಯೋ ಹತ್ರ ಇದೊಂದು ಕೇಳಿ, ಎರಡೂ ಕಾಲಿನ ಬಲ ಅಳೆದು ಹೇಳಿದ್ರಾ, ಇಲ್ಲಾ ತಿಂಗಳ ಲೆಕ್ಕದಲ್ಲಿ ಹೇಳಿದ್ರಾ ಅಂತ. ಒಂದೇ ಕಾಲಲ್ಲಿ ಹಾರಿ ಇಳಿಯೋದು ಎರಡೂ ಕಡೆ ಒಂದೇ ಥರ ಬರಬೇಕು. ಅದು ಬರ್ತಿಲ್ಲ ಅಂದ್ರೆ ನಿಮ್ಮ ಹೆದರಿಕೆ ಹೆದರಿಕೆ ಅಲ್ಲ, ಕಾಲು ನಿಜ ಹೇಳ್ತಿದೆ.

ಅದು ಬಂದಿದೆ ಅಂತಾದ್ರೆ, ನಾನು ಐದನೇ ಸಲ ಹೋದಾಗ ಆಗಿದ್ದು ಹೇಳ್ತೀನಿ. ಮ್ಯಾಟ್ ಅಂಚಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೆ, ಮುಂದೆ ಕಾಲಿಡೋಕಾಗ್ತಿಲ್ಲ. ಹನ್ನೊಂದು ವರ್ಷದ ಹುಡುಗ ಒಬ್ಬ ಬಂದ, ಮೂವತ್ತೈದು ಕೆಜಿ ಇರಬಹುದು, ಹಲ್ಲಿಗೆ ಕ್ಲಿಪ್ಪು. ‘ಮಿಸ್, ಯಾವ ಕಾಲು?’ ಅಂದ. ಎಡಗಾಲು ಅಂದೆ. ‘ಹಾಗಾದ್ರೆ ಬಲಕ್ಕೆ ಬೀಳಿಸ್ತೀನಿ’ ಅಂದ, ಅದೇನೋ ಮಸಾಲೆ ದೋಸೆ ಆರ್ಡರ್ ತಗೊಳ್ಳೋ ಹಾಗೆ. ತೋಳು ಹಿಡ್ಕೊಂಡ, ತೀರಾ ನಿಧಾನಕ್ಕೆ ಬಗ್ಗಿ ನನ್ನನ್ನ ಬಲಕ್ಕೆ ಇಳಿಸಿದ, ಎಸೆದ ಅನ್ನೋಕೂ ಆಗಲ್ಲ. ನನ್ನ ಕೈ ತಾನಾಗೇ ಹೋಗಿ ಮ್ಯಾಟ್ ಬಡೀತು, ಫಟ್ ಅಂತ. ಹದಿನಾಲ್ಕು ತಿಂಗಳಾಗಿತ್ತು ಆ ಸದ್ದು ಕೇಳಿ. ಮಲಗಿದ್ದಲ್ಲೇ ಮೇಲೆ ನೋಡಿದೆ, ಟ್ಯೂಬ್‌ಲೈಟ್ ಒಂದು ಮಿಣುಕ್ತಿತ್ತು. ‘ಮಿಸ್, ಇನ್ನೊಂದ್ಸಲ?’ ಅಂದ.

ನಿಮ್ಮ ಕ್ಲಾಸಲ್ಲೂ ಅಂಥ ಒಂದು ಹುಡುಗ ಇರ್ತಾನೆ, ಹುಡುಕಿ. ಮಾಸ್ಟರಿಗೆ ಮೊದಲೇ ಹೇಳಿ, ಒಂದು ತಿಂಗಳು ರಾಂದೋರಿ ಬೇಡ, ಬೀಳೋದಷ್ಟೇ.

ಮುಂದಿನ ತಿಂಗಳು ಮದುವೆ ಸೀಸನ್, ನಮ್ಮ ಛತ್ರ ಹೆಚ್ಚುಕಮ್ಮಿ ಪೂರ್ತಿ ಬುಕ್ ಆಗಿದೆ, ಪತ್ರ ಓದೋಕೆ ಟೈಮ್ ಸಿಗುತ್ತೆ. ಬರೀರಿ. ವಯಸ್ಸು, ಎಷ್ಟು ದಿನದಿಂದ ಕಲೀತಿದೀರಿ, ಎಲ್ಲಿ ನೋವು, ಇಷ್ಟು ಮರೀಬೇಡಿ.